ಕೂತು ನೋಡಿದ ಅಕ್ಕ

ಯಾರ ಮನೆಗೆ ಹೋದರೂ ಕೂರುವ ಮುಂಚೆ ನಾನು ಕುರ್ಚಿಯ ಅಂಚನ್ನು ಹಿಡಿದು ಒಮ್ಮೆ ಅಲ್ಲಾಡಿಸುತ್ತೇನೆ. ಬೆತ್ತದ ಹೆಣಿಗೆಯಿದ್ದರೆ ಬೆರಳಿನ ಗೆಣ್ಣಿನಿಂದ ಒತ್ತಿ ನೋಡುತ್ತೇನೆ. ಇದು ಮರ್ಯಾದೆಯಲ್ಲವೆಂದು ನನ್ನ ಮಕ್ಕಳು ಎಷ್ಟೋ ಸಲ ಕಣ್ಣಲ್ಲೇ ಗದರಿಸಿದ್ದಾರೆ. ಆದರೆ ಕೈ ಕೇಳುವುದಿಲ್ಲ. ಈ ಅಭ್ಯಾಸ ನನಗೆ ಹತ್ತಿದ್ದು ದೇವನಹಳ್ಳಿಯಲ್ಲಿ, ಅಕ್ಕನ ಜೊತೆ ಓಡಾಡಿದ ವರ್ಷಗಳಲ್ಲಿ.

ಅಕ್ಕ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ದೇವನಹಳ್ಳಿ ಕಡೆಯ ಹೆಂಗಸೊಬ್ಬರು, ಮಾತಿಗೆ ಮಾತು ಬಂದು, "ಆ ಕುರ್ಚಿ ಮನೆ ಅಮ್ಮ ಹೋಗ್ಬಿಟ್ರಲ್ಲ, ನಿಮಗೆ ಗೊತ್ತೇ ಇಲ್ವಾ?" ಎಂದರು. ನನ್ನ ಎಲೆಗೆ ಆಗತಾನೆ ಪಾಯಸ ಬಡಿಸಿದ್ದರು. ಅದು ಎಲೆಯ ಮೇಲೆ ಹರಿದುಹೋಗುವುದನ್ನು ನೋಡುತ್ತ ಕೂತೆ. ಮಧ್ಯಾಹ್ನ ಊಟ ಮಾಡಿ, ಹಜಾರದಲ್ಲಿ ಒರಗಿದವಳು ಹಾಗೇ ಹೋದಳಂತೆ. ಯಾರಿಗೂ ತೊಂದರೆ ಕೊಡಲಿಲ್ಲವಂತೆ.

ಒಡಹುಟ್ಟಿದ ಅಕ್ಕನಲ್ಲ. ನಾನು ಮದುವೆಯಾಗಿ ನಂದಗುಡಿಯಿಂದ ದೇವನಹಳ್ಳಿಗೆ ಬಂದಾಗ ಎರಡನೆಯ ಮಹಾಯುದ್ಧ ಇನ್ನೂ ನಡೆಯುತ್ತಿತ್ತು. ನಮ್ಮವರಿಗೆ ಅಲ್ಲಿನ ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರ ಕೆಲಸ. ಕೋಟೆಯ ಹತ್ತಿರದ ಬೀದಿಯಲ್ಲಿ ಒಂದು ದೊಡ್ಡ ಮನೆಗೆ ಅಂಟಿಕೊಂಡಿದ್ದ ಎರಡು ಕೋಣೆಗಳಲ್ಲಿ ನಮ್ಮ ಬಾಡಿಗೆಯ ಸಂಸಾರ. ದೊಡ್ಡ ಮನೆಯ ಹಿರಿಯರನ್ನು ಬೀದಿಯವರೆಲ್ಲ ದೊಡ್ಡಯ್ಯನವರು ಎನ್ನುತ್ತಿದ್ದರು, ಅವರ ಹೆಂಡತಿಯನ್ನು ದೊಡ್ಡಮ್ಮ ಎನ್ನುತ್ತಿದ್ದರು. ಒಕ್ಕಲುತನದ ಮನೆ, ನಲ್ಲೂರಿನ ಹುಣಸೆ ತೋಪಿನಾಚೆ ಅವರ ಹೊಲಗಳಿದ್ದವು. ಆದರೆ ದೊಡ್ಡಯ್ಯನವರು ಓದಿ, ತಾಲ್ಲೂಕಿನ ಅಮಲ್ದಾರರ ಕಚೇರಿಯಲ್ಲಿ ಕೆಲಸಕ್ಕೆ ಸೇರಿ, ಊರೂರು ತಿರುಗಿ, ಪಿಂಚಣಿ ಮೇಲೆ ಮನೆಗೆ ಬಂದವರು. ಒಬ್ಬನೇ ಮಗ ಚಿತ್ರದುರ್ಗದ ಕಡೆ ಅರಣ್ಯ ಇಲಾಖೆಯಲ್ಲಿದ್ದ. ಕಾಡಿನ ಕ್ಯಾಂಪುಗಳಲ್ಲಿ ಸಂಸಾರ ಹೂಡುವುದು ಆಗದ ಮಾತೆಂದು ಹೆಂಡತಿಯನ್ನು ಇಲ್ಲೇ ಬಿಟ್ಟು, ಹಬ್ಬಕ್ಕೆ ಬಂದು ಹೋಗುತ್ತಿದ್ದ. ಮಕ್ಕಳಿರಲಿಲ್ಲ. ಆ ಮಗನ ಹೆಂಡತಿಯೇ ಅಕ್ಕ.

ಅವಳನ್ನು ನಾನು ಮೊದಲು ಕಂಡಾಗ ಅವಳು ಹಜಾರದಿಂದ ಒಳಮನೆಗೆ ಹೋಗುವ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿ, ಒಂದು ಪಾದದ ಮೇಲೆ ಇನ್ನೊಂದು ಪಾದವಿಟ್ಟು ನಿಂತಿದ್ದಳು. ಆಮೇಲೆ ತಿಳಿಯಿತು, ಅದೇ ಅವಳ ಜಾಗ. ದೊಡ್ಡಯ್ಯನವರು ಬೆಳಗಿನಿಂದ ಊಟದವರೆಗೆ, ಮತ್ತೆ ಇಳಿಹೊತ್ತಿನಿಂದ ದೀಪ ಹಚ್ಚಿದ ಮೇಲೂ, ಹಜಾರದ ಆರಾಮ ಕುರ್ಚಿಯಲ್ಲಿರುತ್ತಿದ್ದರು. ಅವರಿಗೆ ನೀರು ಬೇಕಾಗುತ್ತಿತ್ತು, ಕನ್ನಡಕ ಬೇಕಾಗುತ್ತಿತ್ತು, ಬಂದವರಿಗೆ ಕಾಫಿ ಬೇಕಾಗುತ್ತಿತ್ತು. ಕೂಗಿದರೆ ಕೇಳುವಷ್ಟು ದೂರದಲ್ಲಿ ಸೊಸೆ ಇರಬೇಕು. ಮಾವನ ಎದುರಿಗೆ ಸೊಸೆ ಕೂರುವ ಹಾಗಿಲ್ಲ. ಇದನ್ನು ಯಾರೂ ಕೂತು ಹೇಳಿಕೊಟ್ಟದ್ದಲ್ಲ. ನಮ್ಮ ನಂದಗುಡಿಯ ಮನೆಯಲ್ಲೂ ಹಾಗೇ ಇತ್ತು. ಆದರೆ ನಮ್ಮ ಅಜ್ಜ ಹಗಲೆಲ್ಲ ಹೊಲದಲ್ಲಿರುತ್ತಿದ್ದ ಮನುಷ್ಯ, ಹಾಗಾಗಿ ನಮ್ಮಮ್ಮನಿಗೆ ಕೂರಲು ಇಡೀ ಹಗಲಿತ್ತು. ಹಗಲೆಲ್ಲ ಮನೆಯಲ್ಲೇ ಇರುವ ಪಿಂಚಣಿಯ ಮಾವ ಅಕ್ಕನ ಪಾಲಿಗೆ ಬಂದಿದ್ದರು.

ದೊಡ್ಡಯ್ಯನವರು ಕೆಟ್ಟವರಲ್ಲ. ಸೊಸೆಯನ್ನು ಒಂದು ದಿನವೂ ಗದರಿದ್ದನ್ನು ನಾನು ಕೇಳಲಿಲ್ಲ. ಅವರಿಗೆ ಕಣ್ಣು ಮಂಜಾಗಿತ್ತು, ಮೊಣಕಾಲು ಹಿಡಿದುಕೊಂಡಿತ್ತು. ಅವರಿಗಿದ್ದ ಆಸೆ ಒಂದೇ, ಹೊಸದಾಗಿ ಕಟ್ಟಿಸಿದ ಹಜಾರದಲ್ಲಿ ಒಳ್ಳೆಯ ಕುರ್ಚಿಗಳನ್ನು ಹಾಕಬೇಕು. ಹೊಸ ಕುರ್ಚಿ ಮಾಡಿಸುವ ಮಾತನ್ನೇ ಅವರು ಆಡುತ್ತಿರಲಿಲ್ಲ. ಹಳೆಯದೇ ಆಗಬೇಕು, ಬೀಟೆಯದೋ ತೇಗದ್ದೋ ಆಗಬೇಕು, ಸಾಹೇಬರ ಬಂಗಲೆಯಲ್ಲಿ ಬಾಳಿದ್ದಾಗಬೇಕು. ಅದಕ್ಕೆ ಸರಿಯಾಗಿ ಯುದ್ಧ ಮುಗಿದು, ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಂಗಲೆ ಮಾಡಿಕೊಂಡಿದ್ದ ಬಿಳಿಯರು ಒಬ್ಬೊಬ್ಬರಾಗಿ ಗಂಟು ಕಟ್ಟತೊಡಗಿದರು. ಅವರ ಮನೆಯ ಸಾಮಾನು ಹರಾಜಿಗೆ ಬರುತ್ತಿತ್ತು.

ಮೊದಲ ಸಲ ದೊಡ್ಡಯ್ಯನವರು ಒಬ್ಬರೇ ಹೋಗಿ, ತೋಳಿನ ತುದಿಯಲ್ಲಿ ಸಿಂಹದ ಮುಖ ಕೆತ್ತಿದ್ದ ಭಾರಿ ಕುರ್ಚಿಯೊಂದನ್ನು ಪೆಟ್ರೋಲು ಸಿಗದ ಆ ಕಾಲದ ಇದ್ದಿಲ ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದರು. ಬೀದಿಯೇ ನೋಡಲು ಬಂತು. ಒರೆಸಲು ಕೂತ ಅಕ್ಕ ಅದರ ಹಿಂದಿನ ಕಾಲನ್ನು ಉಗುರಿನಿಂದ ತಟ್ಟಿ, ಕಿವಿ ಹತ್ತಿರ ಹಿಡಿದು, "ಇದು ಒಳಗೆಲ್ಲಾ ಪೊಳ್ಳು ಕಣೇ. ಕುಟ್ಟೆ ಹಿಡಿದಿದೆ" ಎಂದು ನನಗೆ ಮೆಲ್ಲಗೆ ಹೇಳಿದಳು. ಅವಳು ಚಿಕ್ಕವಳಿದ್ದಾಗ ತವರಿನ ಅಟ್ಟದ ತೊಲೆ ಹುಳು ತಿಂದು ಒಂದು ದಿನ ಇದ್ದಕ್ಕಿದ್ದಂತೆ ಕುಸಿದಿತ್ತಂತೆ. ಅಂದಿನಿಂದ ಮರ ಕಂಡಲ್ಲಿ ತಟ್ಟಿ ನೋಡುವುದು ಅವಳಿಗೆ ರೂಢಿ. ಅವರಾಗಿ ಕೇಳದೆ ಮಾವನಿಗೆ ಹೇಳುವ ಹಾಗಿರಲಿಲ್ಲ, ಹೇಳಲಿಲ್ಲ. ಸ್ವಲ್ಪ ದಿನಕ್ಕೆ ದೊಡ್ಡಬಳ್ಳಾಪುರದಿಂದ ಬಂದ ಬೀಗರೊಬ್ಬರು ಅದರ ಮೇಲೆ ಕೂತು, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಹಿಂದಕ್ಕೆ ಉರುಳಿದರು. ಮುರಿದ ಕಾಲಿನಿಂದ ಹಿಟ್ಟಿನಂಥ ಪುಡಿ ಸುರಿಯಿತು. ಬೀಗರಿಗೆ ಪೆಟ್ಟಾಗಲಿಲ್ಲ, ಆದರೆ ದೊಡ್ಡಯ್ಯನವರ ಮುಖ ನೋಡುವ ಹಾಗಿರಲಿಲ್ಲ.

ನಮ್ಮಿಬ್ಬರ ಮಾತು ದೊಡ್ಡಮ್ಮನ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ಸೊಸೆಗೆ ಅದು ಮೊದಲೇ ತಿಳಿದಿತ್ತು ಎಂದು ಅವರೇ ಗಂಡನಿಗೆ ಹೇಳಿದರು. ದೂರಿನಂತೆಯೇ ಹೇಳಿದರು. ದೊಡ್ಡಯ್ಯನವರು ಸೊಸೆಯನ್ನು ಕರೆದು ಹೌದೇ ಎಂದು ಕೇಳಿ, ಮುಂದಿನ ಸಲ ನೀನೂ ಬಾ ಎಂದರು. ಸೊಸೆ ಮಾವನ ಜೊತೆ ಒಬ್ಬಳೇ ದಂಡಿಗೆ ಹೋಗುವುದು ಹೇಗೆ ಎಂದು ದೊಡ್ಡಮ್ಮ ತಕರಾರು ತೆಗೆದದ್ದರಿಂದ ನನ್ನನ್ನು ಜೊತೆ ಮಾಡಿದರು. ನನಗೆ ಬೆಂಗಳೂರು ನೋಡುವ ಆಸೆ. ನಮ್ಮವರು ಬೇಡವೆನ್ನಲಿಲ್ಲ.

ಆ ಮೊದಲ ಬಂಗಲೆ ಇನ್ನೂ ನನ್ನ ಕಣ್ಣ ಮುಂದಿದೆ. ಒಳಗಿನ ಸಾಮಾನೆಲ್ಲ ಹೊರಗೆ ಹುಲ್ಲಿನ ಮೇಲೆ ಬಂದಿತ್ತು, ಮನೆಯ ಹೊಟ್ಟೆಯನ್ನೇ ಹೊರಗೆ ಹಾಕಿದ ಹಾಗೆ. ಹರಾಜಿನ ಕೂಗು ಶುರುವಾಗುವ ಮುಂಚೆ ಬಂದವರೆಲ್ಲ ಕುರ್ಚಿಗಳಲ್ಲಿ ಕೂತು, ಎದ್ದು, ನೋಡುತ್ತಿದ್ದರು. ದೊಡ್ಡಯ್ಯನವರಿಗೆ ಅದು ಆಗುವಂತಿರಲಿಲ್ಲ. ಒಮ್ಮೆ ಕೂತರೆ ಏಳುವುದಕ್ಕೆ ಇಬ್ಬರು ಬೇಕು. ಅವರು ಬೆತ್ತದ ಬೆನ್ನಿನ ಒಂದು ಬೀಟೆ ಕುರ್ಚಿಯ ಮೇಲೆ ಕೈಯಾಡಿಸಿ, ತಲೆ ತಿರುಗಿಸದೆಯೇ, "ಕೂತು ನೋಡಮ್ಮ" ಎಂದರು.

ಅಕ್ಕ ನನ್ನ ಮುಖ ನೋಡಿದಳು. ನನಗೆ ಹೇಳಿದ್ದಿರಬಹುದೆಂದು ನಾನೂ ಅಂದುಕೊಂಡೆ. ಅವರು ಮತ್ತೆ ಹೇಳಿದ ಮೇಲೆ ಅವಳು ಸೆರಗು ಬಿಗಿಹಿಡಿದು, ಅಂಚಿನಲ್ಲಿ ಹಕ್ಕಿಯ ಹಾಗೆ ಕೂತಳು.

"ಹಂಗಲ್ಲ. ಸರಿಯಾಗಿ ಹಿಂದಕ್ಕೆ ಕೂತ್ಕೊ. ಬೆನ್ನು ಒರಗ್ಸು."

ಅವಳು ಒರಗಿದಳು. ಎರಡೂ ಕೈಗಳನ್ನು ತೋಳಿನ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಮಾವ ಮಾರುದ್ದದಲ್ಲಿ ನಿಂತಿದ್ದಾರೆ, ಸೊಸೆ ಕುರ್ಚಿಯಲ್ಲಿ ಒರಗಿದ್ದಾಳೆ. ಯಾರಾದರೂ ನಮ್ಮೂರಿನವರು ನೋಡಿಬಿಟ್ಟರೆ ಎಂದು ನಾನು ಸುತ್ತ ಕಣ್ಣಾಡಿಸಿದೆ. ಅಕ್ಕ ಕಣ್ಣು ತೆರೆದು, ಈ ಕುರ್ಚಿ ಕೂತವರನ್ನು ಮುಂದಕ್ಕೆ ತಳ್ಳುತ್ತದೆ, ಬೇಡ ಮಾವ ಎಂದಳು. ಅವರು ಹೂಂ ಎಂದು ಮುಂದಿನದಕ್ಕೆ ಹೋದರು. ಅವಳು ಎದ್ದು ಅವರ ಹಿಂದೆ ಹೋಗಿ, ಅದರಲ್ಲಿ ಕೂತಳು. ಆಮೇಲೆ ಅದರ ಪಕ್ಕದ್ದರಲ್ಲಿ.

ಹೀಗೆ ಎರಡು ವರ್ಷಗಳ ಕಾಲ ಆಗಾಗ ನಾವು ಮೂವರೂ ದಂಡಿಗೆ ಹೋದೆವು. ಒಂದೊಂದು ಸಲ ಚಿಕ್ಕಬಳ್ಳಾಪುರದಿಂದ ಬರುವ ಸಣ್ಣ ರೈಲಿನಲ್ಲಿ, ಒಂದೊಂದು ಸಲ ಬಸ್ಸಿನಲ್ಲಿ. ಅಕ್ಕ ಅಲ್ಲಿ ಬೇರೆಯೇ ಹೆಂಗಸಾಗುತ್ತಿದ್ದಳು. ಕುರ್ಚಿಯನ್ನು ಬುಡಮೇಲು ಮಾಡಿ ಹೊಟ್ಟೆ ನೋಡುತ್ತಿದ್ದಳು. ಮೇಲೆಲ್ಲ ಪಾಲಿಷ್ ಇರುತ್ತದೆ, ಅಡಿಯಲ್ಲಿ ಸುಳ್ಳು ಹೇಳಲು ಬರುವುದಿಲ್ಲ ಎನ್ನುವಳು. ಮೂಲೆಯಿಂದ ಮೂಲೆಗೆ ತೂಗಿ ಕೀಲುಗಳು ನರಳುತ್ತವೆಯೇ ಎಂದು ಕೇಳುವಳು. ಮೊಳೆ ಹೊಡೆದು ರಿಪೇರಿ ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ಕೆಂಪು ಮಖಮಲ್ಲಿನ ಸೋಫಾ ಒಂದನ್ನು ನಾನು ಬಹಳ ಮೆಚ್ಚಿದ್ದೆ. ಅವಳು ಅದರಲ್ಲಿ ಕೂತು, ಸೊಂಟದವರೆಗೆ ಮುಳುಗಿ, ಇದರಿಂದ ಏಳಬೇಕಾದರೆ ಮಾವನಿಗೆ ಏಣಿ ಹಾಕಬೇಕು ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಅವರಿಗೆಂದು ಆರಿಸಿದ್ದು ಎತ್ತರದ, ಸಾದಾ ತೇಗದ ಕುರ್ಚಿ. ತೋಳುಗಳು ಮುಂದಕ್ಕೆ ಚಾಚಿದ್ದವು, ಊರಿಕೊಂಡು ಒಬ್ಬರೇ ಏಳಬಹುದಿತ್ತು. ನಮ್ಮವರಿಗೂ ಒಂದು ಹುಡುಕಿಕೊಟ್ಟಳು, ಹುಡುಗರ ಪುಸ್ತಕ ಇಟ್ಟು ತಿದ್ದಲು ಅನುಕೂಲವಾಗುವಂತೆ ಹಲಗೆಯಷ್ಟು ಅಗಲವಾದ ತೋಳಿನದು. ಯಾವ ಸಾಮಾನನ್ನು ತೋರಿಸಿದರೂ ಅವಳ ಮೊದಲ ಪ್ರಶ್ನೆ, ಇದರಲ್ಲಿ ಕೂರುವವರು ಯಾರು ಎನ್ನುವುದು.

ನಾನು ಕೆತ್ತನೆಗೆ ಮರುಳಾದಾಗಲೆಲ್ಲ ಅವಳು ಹೇಳುತ್ತಿದ್ದ ಒಂದು ಮಾತಿತ್ತು. "ಕುರ್ಚಿ ಚೆಂದ ನಿಂತಿರೋರಿಗೆ ಕಾಣೋದು ಕಣೇ. ಕೂತೋರಿಗೆ ಕುರ್ಚಿ ಕಾಣಲ್ಲ."

ನಿಂತು ನೋಡುವುದರಲ್ಲಿ ಅವಳಿಗಿಂತ ಪಳಗಿದವರು ಯಾರಿದ್ದರು? ತಂದ ಕುರ್ಚಿಗಳ ಮೇಲೆ ದೊಡ್ಡಮ್ಮ ಗಂಜಲ ಚಿಮುಕಿಸುತ್ತಿದ್ದರು. ಯಾವ ಊರಿನ ಯಾರು ಕೂತು ಸತ್ತರೋ ಎಂದು ಅವರ ಗೊಣಗು. ಅಕ್ಕ ಅವನ್ನು ಒರೆಸಿ, ಎಣ್ಣೆ ತಿಕ್ಕಿ, ಹಜಾರದಲ್ಲಿ ಜೋಡಿಸಿ, ತನ್ನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದಳು. ಅವಳೇ ಆರಿಸಿದ ಕುರ್ಚಿಗಳಲ್ಲಿ ಶಾನುಭೋಗರು ಕೂರುತ್ತಿದ್ದರು, ರೇಷ್ಮೆ ಗೂಡಿನ ವ್ಯಾಪಾರದವರು ಕೂರುತ್ತಿದ್ದರು, ನಮ್ಮವರು ಕೂರುತ್ತಿದ್ದರು. ಒಮ್ಮೆ ತಡೆಯಲಾರದೆ ಕೇಳಿದೆ, ದಂಡಿನಲ್ಲಿ ಅವರ ಮುಂದೆಯೇ ಅಷ್ಟೊಂದು ಕುರ್ಚಿಗಳಲ್ಲಿ ಕೂರುತ್ತೀಯಲ್ಲ, ಇಲ್ಲೇಕಾಗದು ಎಂದು.

"ಅಲ್ಲಿ ನಾನು ಸಾಮಾನು ನೋಡೋಳು. ಇಲ್ಲಿ ಸೊಸೆ," ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ.

ಅವಳ ಕಾಲಿನ ಸಂಗತಿ ತಿಳಿದಿದ್ದವಳು ನಾನೊಬ್ಬಳೇ. ಎಡಗಾಲಿನ ಮೀನಖಂಡದಿಂದ ಕೆಳಕ್ಕೆ ನೀಲಿ ನರಗಳು ಹುರಿಯ ಹಾಗೆ ಸುತ್ತಿಕೊಂಡಿದ್ದವು. ಪಾದದ ಹರಡಿನ ಹತ್ತಿರ ಎಂದೋ ಸೌದೆ ತಾಗಿ ಆದ ಗಾಯ ಮಾಯಲಿಲ್ಲ. ಅರಿಶಿನ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು. ಹುಣ್ಣು ಅಗಲವಾಗುತ್ತಲೇ ಹೋಯಿತು. ನನಗೆ ಜ್ವರವೆಂದು ಸುಳ್ಳು ಹೇಳಿ ನಾವಿಬ್ಬರೂ ಆಸ್ಪತ್ರೆಗೆ ಹೋದೆವು. ಡಾಕ್ಟರು ನೋಡಿ, ಔಷಧಿ ಇರಲಿ, ಇದಕ್ಕೆ ನಿಲ್ಲುವುದು ಬಿಡಬೇಕು, ಕಾಲು ಮೇಲಿಟ್ಟುಕೊಂಡು ಕೂರಬೇಕು, ಇಲ್ಲದಿದ್ದರೆ ಮುಂದೆ ಕಾಲೇ ಕಷ್ಟವಾದೀತು ಎಂದರು. ಹೊರಗೆ ಬಂದು ಅಕ್ಕ ನಕ್ಕುಬಿಟ್ಟಳು. ಕೂರುವುದಕ್ಕೇ ಇಲ್ಲ, ಅದರ ಮೇಲೆ ಕಾಲು ಬೇರೆ ಮೇಲಿಡಬೇಕಂತೆ ಎಂದಳು. ಯಾರಿಗೂ ಹೇಳಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಳು. ಸೀರೆಯನ್ನು ಇನ್ನಷ್ಟು ಕೆಳಗೆ ಉಟ್ಟಳು.

ಆಮೇಲಿನದು ನಾವು ದಂಡಿಗೆ ಕೊನೆಯದಾಗಿ ಹೋದ ಸಲದ ಮಾತು. ಒಬ್ಬ ವಯಸ್ಸಾದ ದೊರೆಸಾನಿ, ಗಂಡ ಇಲ್ಲೇ ತೀರಿಕೊಂಡು, ಒಬ್ಬಳೇ ತನ್ನ ದೇಶಕ್ಕೆ ಹೊರಟಿದ್ದಳು. ಅಂಗಳದ ಸಾಮಾನು ನೋಡಿಯಾದ ಮೇಲೆ ಅವಳು ನಮ್ಮನ್ನು ಮಲಗುವ ಕೋಣೆಗೆ ಕರೆದಳು. ಕನ್ನಡಿಯ ಮೇಜನ್ನು ಯಾರೋ ಆಗಲೇ ಒಯ್ದಿದ್ದರು. ಅದರ ಮುಂದೆ ಹಾಕಿಕೊಂಡು ಕೂತು ತಲೆ ಬಾಚುವ ಬೆಂಚು ಮಾತ್ರ ಉಳಿದಿತ್ತು. ಒಬ್ಬರಿಗೆ ಹೆಚ್ಚು, ಇಬ್ಬರಿಗೆ ಕಡಿಮೆ ಎನ್ನುವಷ್ಟು ಉದ್ದ, ಮೊಣಕಾಲಿಗಿಂತ ತಗ್ಗು. ಬೆನ್ನಿಲ್ಲ, ತೋಳಿಲ್ಲ. ಕಾಲುಗಳು ಮೇಲೆ ದಪ್ಪಗಿದ್ದು ಕೆಳಗೆ ಸಣ್ಣಗಾಗಿ, ಮೇಕೆಯ ಕಾಲಿನ ಹಾಗೆ ಹೊರಕ್ಕೆ ಬಾಗಿದ್ದವು. ಮೇಲಿನ ಮೆತ್ತೆಯ ಗುಲಾಬಿ ಹೂವಿನ ಬಟ್ಟೆ ಮಾಸಿ, ಒಂದು ಮೂಲೆಯಲ್ಲಿ ಹರಿದು, ಒಳಗೆ ತುಂಬಿದ್ದ ಕುದುರೆ ಕೂದಲು ಇಣುಕುತ್ತಿತ್ತು. ಕನ್ನಡಿಯಿಲ್ಲದೆ ಇದನ್ನು ಯಾರು ಕೊಳ್ಳುತ್ತಾರೆ ಎಂದು ದೊಡ್ಡಯ್ಯನವರು ಹೊರಟಾಗ, ಅಕ್ಕ ಎಂದಿನಂತೆ ಅದನ್ನು ತಿರುಗಿಸಿ ಅಡಿ ನೋಡಿ, ಕೀಲು ನೋಡಿ, ಕೂತಳು. ಕೂತವಳು ಏಳಲಿಲ್ಲ.

ಮಾವ ಬಾಗಿಲಿನಿಂದ ಕರೆದರು. ಬಂದೆ ಎಂದಳು, ಏಳಲಿಲ್ಲ. ಅವಳ ಮುಖ ಬಿಳಿಚಿತ್ತು. ಕೆಳಗೆ ನೋಡಿದೆ, ಸೀರೆಯ ಅಂಚಿನಿಂದ ಹೊರಬಂದಿದ್ದ ಬಟ್ಟೆಯ ಕಟ್ಟು ಒದ್ದೆಯಾಗಿತ್ತು. ನನಗಿಂತ ಮೊದಲು ದೊರೆಸಾನಿ ನೋಡಿದ್ದಳು. ಅವಳು ಅಡುಗೆಯವರಿಂದ ಕಲಿತ ಮುರುಕು ತಮಿಳಿನಲ್ಲಿ ಏನೋ ಹೇಳುತ್ತ, ಒಂದು ಬೋಗುಣಿಯಲ್ಲಿ ಬಿಸಿನೀರು ತಂದಳು. ಸ್ಟೂಲೊಂದನ್ನು ಎಳೆದು, ಅಕ್ಕ ಬೇಡಬೇಡವೆನ್ನುತ್ತಿದ್ದರೂ ಆ ಕಾಲನ್ನು ಎತ್ತಿ ಅದರ ಮೇಲಿಟ್ಟು, ಕಟ್ಟು ಬಿಚ್ಚಿದಳು. ದೊಡ್ಡಯ್ಯನವರು ಹತ್ತಿರ ಬಂದು ಬಗ್ಗಿ ನೋಡಿದರು. ಮಂಜುಗಣ್ಣಿಗೆ ಎಷ್ಟು ಕಂಡಿತೋ, ವಾಸನೆಯಂತೂ ಬಂದಿರಬೇಕು.

ಎಷ್ಟು ದಿವಸದಿಂದ ಎಂದು ಕೇಳಿದರು. ಅಕ್ಕ ಮುಖ ತಿರುಗಿಸಿದಳು. ಅವರು ನನ್ನ ಕಡೆ ತಿರುಗಿದರು. ಆಣೆ ಮುರಿದು ಎಲ್ಲವನ್ನೂ ಹೇಳಿದೆ, ಡಾಕ್ಟರ ಮಾತನ್ನೂ ಸೇರಿಸಿ. ಅವರು ಗೋಡೆಗೆ ಕೈಯೂರಿ, ದೊರೆಸಾನಿ ಹೊಸ ಕಟ್ಟು ಹಾಕಿ ಮುಗಿಸುವವರೆಗೂ ಅಲ್ಲೇ ನಿಂತಿದ್ದರು. ಬೆಂಚನ್ನು ಕೊಂಡರು.

ವಾಪಸು ಬರುವಾಗ ಅದನ್ನು ಬಸ್ಸಿನ ಮೇಲೆ ಹಾಕಿಸಲಿಲ್ಲ. ಒಳಗೇ ತರಿಸಿ, ಅಕ್ಕನ ಮುಂದೆ ಇರಿಸಿ, ಕಾಲು ಅದರ ಮೇಲಿಡಲು ಹೇಳಿದರು. ಬಸ್ಸು ಯಲಹಂಕ ದಾಟಿತು. ಆಮೇಲೆ ಕಿಟಕಿಯ ಕಡೆಗೇ ಮುಖ ಮಾಡಿ ಹೇಳಿದರು:

"ಅಮಲ್ದಾರರ ಮುಂದೆ ಕಾಗದ ಹಿಡ್ಕೊಂಡು ನಿಂತಿರ್ತಿದ್ದೆ. ಜ್ವರ ಬಂದಾಗ್ಲೂ ನಿಂತಿದ್ದೆ. ಪಕ್ಕದಲ್ಲೇ ಕುರ್ಚಿ ಖಾಲಿ ಇರ್ತಿತ್ತು. ಒಂದ್ಸಲಾನೂ ಕೂತ್ಕೊ ಅನ್ಲಿಲ್ಲ. ಕಲ್ಲು ಮನಸಿನೋರು ಅಂದ್ಕೊಂಡಿದ್ದೆ. ಅವರಿಗೆ ಕಾಣಿಸ್ಲೇ ಇಲ್ವೇನೋಮ್ಮ. ನನಗೆ ಕಂಡಿತ್ತಾ?"

ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಕಣ್ಣೊರೆಸಿಕೊಂಡಳೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಅಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ತಿಳಿದೆ. ಮಾರನೆಯ ದಿನ ದೊಡ್ಡಯ್ಯನವರು ಬೆಂಚನ್ನು ಹಜಾರದಲ್ಲಿ ಹಾಕಿಸಿ, ಇನ್ನು ಮೇಲೆ ನನ್ನ ಮುಂದೆ ಕೂರಬೇಕು ಎಂದು ಸೊಸೆಗೆ ಹೇಳಿದರು. ಒಳಬಾಗಿಲ ಹತ್ತಿರ ನೆಲದ ಮೇಲೆ, ಮಣೆ ಹಾಕಿಕೊಂಡು ಅವರೆಕಾಯಿ ಸುಲಿಯುತ್ತಿದ್ದ ದೊಡ್ಡಮ್ಮ ಕೈ ನಿಲ್ಲಿಸಿದರು.

"ನಿಮ್ಮಮ್ಮ ಇರೋವರ್ಗೂ ನಾನು ನಿಂತೇ ಇದ್ದೆ. ನಿಮ್ಮ ಮುಂದೆ ಇವತ್ತಿನವರ್ಗೂ ಕುರ್ಚಿ ಹತ್ತಿಲ್ಲ. ನನಗೇನು ಕಾಲಿಲ್ವಾ, ನೋವಿಲ್ವಾ?" ಎಂದರು. ದನಿ ಏರಿಸಲಿಲ್ಲ. ಮತ್ತೆ ಸುಲಿಯತೊಡಗಿದರು.

ಅಕ್ಕ ಬೆಂಚನ್ನೂ ಅತ್ತೆಯನ್ನೂ ನೋಡಿ, ತನ್ನ ಬಾಗಿಲಿಗೆ ಹೋಗಿ ನಿಂತಳು. ನಾನೇ ಹೇಳುತ್ತಿದ್ದೇನಲ್ಲ, ಕೂತ್ಕೊ ಎಂದು ದೊಡ್ಡಯ್ಯನವರು ಎರಡು ಮೂರು ದಿನ ಹೇಳಿದರು, ರೇಗಿದರು. ಅತ್ತೆ ನೆಲದ ಮೇಲಿದ್ದಾರೆ ಮಾವ ಎನ್ನುವುದೊಂದೇ ಅವಳ ಉತ್ತರ. ಕಾಲು ಮಾತ್ರ ಕಾಯುತ್ತಿರಲಿಲ್ಲ. ಸಾಯಂಕಾಲ ನಮ್ಮ ಕೋಣೆಗೆ ಬಂದು ಕಟ್ಟು ಬದಲಿಸಿಕೊಳ್ಳುವಾಗ, ನನಗೆ ದೊಡ್ಡಮ್ಮನ ಮೇಲೆ ಬರುತ್ತಿದ್ದ ಕೋಪವನ್ನು ಅವಳು ಒಪ್ಪುತ್ತಿರಲಿಲ್ಲ. "ಅವರು ಕೇಳಿದ್ದು ಸರಿಯಾಗೇ ಇದೆ. ಅವರಿಗೆ ಕೂರೋಕೆ ಯಾರು ಹುಡುಕಿದ್ರು?" ಎಂದಳು.

ಹುಡುಕುವ ಕೆಲಸ ಅವಳದೇ. ದಂಡಿನಲ್ಲಿ ಕುರ್ಚಿಗಳನ್ನು ನೋಡಿದ ಹಾಗೆ ಅವಳು ಅತ್ತೆಯನ್ನು ನೋಡತೊಡಗಿದಳು. ದೊಡ್ಡಮ್ಮ ಒಂದು ಮೊಣಕಾಲು ಮಡಿಸಿ ಮೇಲೆತ್ತಿಕೊಂಡು ಕೂರುತ್ತಿದ್ದರು. ತೋಳಿದ್ದ ಕುರ್ಚಿಯಲ್ಲಿ ಅದು ಆಗದು. ಗಿಡ್ಡಗಿದ್ದರು, ಎತ್ತರದ್ದರಲ್ಲಿ ಕಾಲು ತೂಗಾಡುತ್ತದೆ. ಎಡಕ್ಕೆ ಮೊರ, ಬಲಕ್ಕೆ ಎಲೆಯಡಿಕೆ ಚೀಲ ಇಲ್ಲದೆ ಅವರಿಗೆ ಆಗುತ್ತಿರಲಿಲ್ಲ. ಜನ್ಮದಲ್ಲಿ ಯಾವುದಕ್ಕೂ ಬೆನ್ನು ಒರಗಿಸಿದವರಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಗಂಡನ ಎದುರು ಕುರ್ಚಿ ಹತ್ತಿದಳು ಎನ್ನುವ ಮಾತು ಅವರಿಗೆ ಬೇಡ. ಹಾಗಾದರೆ ಕುರ್ಚಿಯಲ್ಲದ್ದು ಬೇಕು.

ಅಕ್ಕ ಆ ಬೆಂಚಿನ ಹರಿದ ಗುಲಾಬಿ ಬಟ್ಟೆಯನ್ನು ಬಿಚ್ಚಿದಳು. ದೊಡ್ಡಬಳ್ಳಾಪುರದ ಮಗ್ಗದಲ್ಲಿ ನೇಯ್ದ ದೊಡ್ಡಮ್ಮನದೇ ಒಂದು ಹಳೆಯ ಸೀರೆಯನ್ನು ಮಡಿಸಿ, ಅಂಚು ಮುಂದೆ ಬರುವ ಹಾಗೆ ಹೊಲಿದಳು. ಅದನ್ನು ಹಜಾರದಲ್ಲಿ ಇಡಲಿಲ್ಲ. ಹಿತ್ತಲ ಜಗಲಿಯಲ್ಲಿಟ್ಟು, ಮೇಲೆ ಅವರೆಕಾಯಿಯ ಮೊರ ಇಟ್ಟಳು. ಮೊರ ಇಡುವುದಕ್ಕಾಗಿಯೇ ಇರುವ ಸಾಮಾನಿನ ಹಾಗೆ. ಅತ್ತೆ ಕೇಳಿದಾಗ, ಕಾಲಿರುವ ಮಣೆ ಎಂದಳಂತೆ.

ಕೆಲವು ದಿನ ದೊಡ್ಡಮ್ಮ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತರು. ಒಂದು ಮಧ್ಯಾಹ್ನ ನಮ್ಮ ಅಡುಗೆ ಮನೆಯ ಕಿಟಕಿಯಿಂದ ನೋಡುತ್ತೇನೆ, ಅವರು ಅತ್ತಿತ್ತ ನೋಡಿ, ಮೊರವನ್ನು ಸರಿಸಿ, ಬೆಂಚಿನ ಮೇಲೆ ಕೂತರು. ಮೊದಲು ಅಂಚಿನಲ್ಲಿ. ಆಮೇಲೆ ಪೂರ್ತಿ. ಮೊಣಕಾಲು ಮಡಿಸಿಕೊಂಡರು. ಅಂಗೈಯಿಂದ ಆ ಸೀರೆಯ ಅಂಚನ್ನು ಸವರಿದರು. ಕಾಯಿ ಸುಲಿಯಲಿಲ್ಲ, ಏನೂ ಮಾಡಲಿಲ್ಲ, ಸುಮ್ಮನೆ ಹಿತ್ತಲ ಕಡೆ ನೋಡುತ್ತ ಕೂತಿದ್ದರು. ನಾನು ಓಡಿಹೋಗಿ ಅಕ್ಕನಿಗೆ ಹೇಳಿದೆ. ನೋಡಿದೆನೆಂದು ಯಾರಿಗೂ ಹೇಳಬೇಡ ಎಂದಷ್ಟೇ ಅವಳು ಅಂದಳು.

ಮಳೆ ಶುರುವಾಗಿ ಜಗಲಿಗೆ ಇರಚಲು ಹೊಡೆಯತೊಡಗಿದಾಗ ಬೆಂಚು ಒಳಗೆ ಬಂತು, ಹಜಾರದ ಬಾಗಿಲ ಪಕ್ಕಕ್ಕೆ. ದೊಡ್ಡಮ್ಮನೇ ಎಳೆದು ತಂದರು. ಅಂದು ನಾನು ಮಜ್ಜಿಗೆಗೆಂದು ಹೋಗಿದ್ದೆ. ದೊಡ್ಡಯ್ಯನವರು ಪೇಪರನ್ನು ಮೂಗಿನ ಹತ್ತಿರ ಹಿಡಿದು ಓದುತ್ತಿದ್ದರು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಅಕ್ಕ ಚೌಕಟ್ಟಿಗೆ ಒರಗಿ, ಒಂದು ಪಾದ ಇನ್ನೊಂದರ ಮೇಲಿಟ್ಟು ನಿಂತಿದ್ದಳು. ದೊಡ್ಡಮ್ಮ ತಲೆಯೆತ್ತದೆ, "ಇನ್ನೂ ಯಾಕೆ ಕಂಬದ ಹಂಗೆ ನಿಂತಿದೀಯ? ಜಾಗ ಐತಲ್ಲ" ಎಂದರು. ಮೊರವನ್ನು ಎತ್ತಿ ನೆಲಕ್ಕಿಟ್ಟರು. ಅಕ್ಕ ಬಂದು ಪಕ್ಕದಲ್ಲಿ ಕೂತಳು. ಜಾಗ ಸಾಲದೆ ಇಬ್ಬರ ಸೊಂಟವೂ ಒಂದಕ್ಕೊಂದು ಒತ್ತಿತು. ಸ್ವಲ್ಪ ಹೊತ್ತಿಗೆ ದೊಡ್ಡಮ್ಮ ತಮ್ಮ ಹಳೆಯ ಮಣೆಯನ್ನು ಕಾಲಿನಿಂದ ತಳ್ಳಿ, ಕಾಲು ಅದರ ಮೇಲಿಡು ಎನ್ನುವಂತೆ ಗದ್ದ ಅಲ್ಲಾಡಿಸಿದರು. ದೊಡ್ಡಯ್ಯನವರು ಪೇಪರು ಕೆಳಗಿಳಿಸಲಿಲ್ಲ. ಆದರೆ ಬಹಳ ಹೊತ್ತು ಹಾಳೆ ಮಗುಚಲೂ ಇಲ್ಲ.

ಹುಣ್ಣು ಮಾಯಲು ತಿಂಗಳುಗಳೇ ಹಿಡಿದವು. ಮಾಯಿತು. ಕಪ್ಪು ಕಲೆ ಉಳಿಯಿತು, ಕಾಲು ಉಳಿಯಿತು.

ಆಮೇಲೆ ಅಕ್ಕ ಬಹಳ ವರ್ಷ ಬದುಕಿದಳು. ದೊಡ್ಡಯ್ಯನವರು ಅವಳು ಆರಿಸಿದ ತೇಗದ ಕುರ್ಚಿಯಲ್ಲೇ ಕೊನೆಯವರೆಗೂ ಒಬ್ಬರೇ ಕೂತು ಒಬ್ಬರೇ ಎದ್ದರು. ಗಂಡ ನಿವೃತ್ತನಾಗಿ ಬಂದ. ಊರಿನಲ್ಲಿ ಯಾರು ಮನೆ ಕಟ್ಟಿಸಿದರೂ, ಹಳೆಯ ಸಾಮಾನು ಕೊಳ್ಳಬೇಕಾದರೆ ಅವಳನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಹೋದವಳು ಮೊದಲು ಅಡುಗೆ ಮನೆಗೆ ಹೋಗಿ, ಅಲ್ಲಿ ಕೆಲಸ ಮಾಡುವವರು ಎಷ್ಟು ಎತ್ತರವಿದ್ದಾರೆಂದು ನೋಡಿ ಬರುತ್ತಿದ್ದಳಂತೆ. ಇದೆಲ್ಲ ನಾನು ಕೇಳಿದ್ದು. ನಾನು ಕಣ್ಣಾರೆ ಕಂಡದ್ದರಲ್ಲಿ ಇನ್ನೊಂದು ಉಳಿದಿದೆ.

ಸ್ವಾತಂತ್ರ್ಯ ಬಂದ ಮಾರನೆಯ ವರ್ಷ ನಮ್ಮವರಿಗೆ ನೆಲಮಂಗಲಕ್ಕೆ ವರ್ಗವಾಯಿತು. ಆ ಚಳಿಗಾಲದಲ್ಲಿ ದೊಡ್ಡಮ್ಮನಿಗೆ ಉಬ್ಬಸ ಜೋರಾಗಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕೂತೇ ಇರಬೇಕು. ಆರಾಮ ಕುರ್ಚಿಗೆ ಬನ್ನಿ, ಒರಗಿಕೊಳ್ಳಬಹುದು ಎಂದರೆ ಬರುತ್ತಿರಲಿಲ್ಲ. ಅವರಿಗೆ ಅವರ ಬೆಂಚೇ ಆಗಬೇಕು.

ಹೊರಡುವ ದಿನ ಗಾಡಿಗೆ ಸಾಮಾನು ಹೇರಿಸಿ ನಾನು ಹೇಳಿ ಬರಲು ಹೋದೆ. ದೊಡ್ಡಮ್ಮ ಬೆಂಚಿನ ಮೇಲೆ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಅದೇ ಬೆಂಚಿನ ಹಿಂಬದಿಗೆ ಅಕ್ಕ ಒಳಮನೆಯ ಕಡೆ ಮುಖ ಮಾಡಿ ಕೂತು, ತನ್ನ ಬೆನ್ನನ್ನು ಅತ್ತೆಯ ಬೆನ್ನಿಗೆ ಕೊಟ್ಟಿದ್ದಳು. ಅತ್ತೆ ಅವಳ ಮೇಲೆ ಭಾರ ಬಿಟ್ಟು ಒರಗಿದ್ದರು. ಉಸಿರು ಸಿಳ್ಳೆಯ ಹಾಗೆ ಬರುತ್ತಿತ್ತು, ಆದರೆ ಬರುತ್ತಿತ್ತು. ಬೆಳಗಿನಿಂದ ಹಾಗೇ ಇದ್ದರಂತೆ.

ನಾನು ಹೊರಡುತ್ತೇನೆ ಎಂದೆ. ಮನೆ ಬಿಟ್ಟು ಹೋಗುವ ಹೆಣ್ಣುಮಗಳಿಗೆ ಕುಂಕುಮ ಕೊಡಬೇಕಲ್ಲ. ಭರಣಿ ದೇವರ ಗೂಡಿನಲ್ಲಿತ್ತು. ಅಕ್ಕ ಅಭ್ಯಾಸದಂತೆ ಏಳಲು ಮುಂದಕ್ಕೆ ಬಾಗಿದಳು. ದೊಡ್ಡಮ್ಮನ ಕೈ ಹಿಂದಕ್ಕೆ ಬಂದು, ಕಾಣದೆಯೇ ತಡವಿ, ಅವಳ ಸೆರಗನ್ನು ಹಿಡಿಯಿತು.

"ಅವಳನ್ನ ಎಬ್ಬಿಸ್ಬ್ಯಾಡ ಕಣಮ್ಮ," ಎಂದರು ನನಗೆ. "ಕೂತಿರ್ಲಿ. ನೀನೇ ತಗೊಂಡು ಬಾ."

ನಾನು ಭರಣಿ ತಂದು ಅಕ್ಕನ ಮುಂದೆ ಹಿಡಿದೆ. ಅವಳು ಕೂತಲ್ಲಿಂದಲೇ ನನ್ನ ಹಣೆಗೆ ಕುಂಕುಮವಿಟ್ಟಳು.